ನನ್ನವರ ದೊರೆಸಾನಿ

ನನಗೊಬ್ಬಳು ಸವತಿ ಇದ್ದಳು ಎಂದರೆ ಗಾಬರಿಯಾಗಬೇಡಿ. ನಾನು ಮದುವೆಯಾಗುವ ಹೊತ್ತಿಗೆ ಅವಳು ಸತ್ತು ಎಷ್ಟೋ ಕಾಲವಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮಕ್ಕಳಿಗಾಗಿ ಕತೆ ಬರೆಯುತ್ತಿದ್ದ ಇಂಗ್ಲಿಷ್ ಹೆಂಗಸು. ಹೆಸರು ಹೇಳಿದರೆ ಈಗ ಇಲ್ಲಿ ಇಂಗ್ಲೆಂಡಿನವರಿಗೇ ಗುರುತು ಹತ್ತುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಅವಳಿಗೆ ದೊರೆಸಾನಿ ಎಂಬ ಬಿರುದಿತ್ತು. ಕೊಟ್ಟವಳು ನಾನೇ, ಪ್ರೀತಿಯಿಂದೇನಲ್ಲ.

ನನ್ನ ಯಜಮಾನರು ಲಂಡನ್ನಿನ ವೆಂಬ್ಲಿಯಲ್ಲಿ ಈಲಿಂಗ್ ರಸ್ತೆಯ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು. ಕುಂದಾಪುರದಲ್ಲಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು. ಇಲ್ಲಿಗೆ ಬಂದ ಮೇಲೆ ಇಂಗ್ಲಿಷ್ ಕಲಿಯಬೇಕೆಂದು ಹಳೆ ಸಾಮಾನಿನ ಅಂಗಡಿಯಿಂದ ಮಕ್ಕಳ ಪುಸ್ತಕಗಳನ್ನು ತಂದರು. ಮಕ್ಕಳದ್ದಾದರೆ ಸುಲಭ ಎಂದು ಅವರ ಯೋಚನೆ. ಯಾವ ಕಾಲದ ಮಕ್ಕಳದ್ದು ಎಂದು ನೋಡಲಿಲ್ಲ. ಬಂದವೆಲ್ಲ ದೊರೆಸಾನಿಯವು, ಅವರು ಅವಳಿಗೇ ಅಂಟಿಕೊಂಡರು. ಹಾಗಾಗಿ ತೊಂಬತ್ತರ ದಶಕದ ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಮಾತಾಡುವ ದೋಸೆ ಭಟ್ಟರೊಬ್ಬರು ತಯಾರಾದರು. ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಟ್ಟರೆ, ತಮ್ಮ ದಯೆಗೆ ನಾನು ಚಿರಋಣಿ ಎಂಬರ್ಥದ ಉದ್ದದ ವಾಕ್ಯವನ್ನು ತಲೆಬಾಗಿ ಹೇಳುತ್ತಿದ್ದರು. ಆತ ತುಸು ಹೆದರಿ ಮುಂದಿನ ಸೀಟಿಗೆ ಹೋಗುತ್ತಿದ್ದ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ನನಗೆ ಅಷ್ಟೂ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು.

ದೊರೆಸಾನಿಯ ಬದುಕಿನಲ್ಲಿ ದೊರೆತನವೇನೂ ಇರಲಿಲ್ಲ. ಮುನ್ನುಡಿ ಓದಿ ಅವರು ನನಗೆ ವರದಿ ಒಪ್ಪಿಸಿದ್ದರು. ಮೇಣದಬತ್ತಿ ಮಾಡುವವನ ಮಗಳು, ಬಡ ಪಾದ್ರಿಯ ಹೆಂಡತಿ. ನಾವಿರುವ ಈ ಕಡೆಯೆಲ್ಲ ಆಗ ಹುಲ್ಲುಗಾವಲಂತೆ, ಪೇಟೆಯ ಕುದುರೆಗಳಿಗೆ ಇಲ್ಲಿಂದಲೇ ಒಣಹುಲ್ಲು ಹೋಗುತ್ತಿತ್ತಂತೆ. ಅಂಥ ಒಂದು ಹಳ್ಳಿಯಲ್ಲಿ, ಅಡುಗೆಮನೆಯ ಮೇಜಿನ ಮೇಲಿನ ಬಟಾಣಿ ಸಿಪ್ಪೆಯನ್ನು ಬದಿಗೆ ಸರಿಸಿ ಬರೆಯಲು ಕೂರುತ್ತಿದ್ದಳು. ಹೆತ್ತ ಮಕ್ಕಳಲ್ಲಿ ಮೂವರನ್ನು ಜ್ವರ ಒಯ್ದಿತು. ಅದಕ್ಕೇ ಇರಬೇಕು, ಯಾರಾದರೂ ಸಾಯದೆ ಅವಳ ಕತೆ ಮುಗಿಯುವುದಿಲ್ಲ. ಅದೂ ಒಳ್ಳೆಯ ಮಗುವೇ ಸಾಯಬೇಕು. ಚೆನ್ನಾಗಿ ನಡೆದುಕೊಂಡ ಮಕ್ಕಳಿಗೆ ಈ ಪುಸ್ತಕಗಳನ್ನು ಬಹುಮಾನವಾಗಿ ಕೊಡುತ್ತಿದ್ದರಂತೆ. ಸ್ವಲ್ಪ ಬುದ್ಧಿಯಿದ್ದ ಮಗು ಅದನ್ನೋದಿ ಮಾರನೇ ದಿನದಿಂದ ತುಂಟತನಕ್ಕೆ ಇಳಿದಿದ್ದರೆ ಆಶ್ಚರ್ಯವಿಲ್ಲ.

"ಹ್ವಾಯ್, ಇದೆಂತ ಪುಸ್ತಕ ಮಾರಾಯ್ರೆ? ಪುಟ ತಿರ್ಗ್ಸಿರೆ ಒಂದ್ ಹೆಣ," ಎನ್ನುತ್ತಿದ್ದೆ.

ಅವರು ಕನ್ನಡಕ ತೆಗೆಯುತ್ತಿರಲಿಲ್ಲ. "ಅವ್ಳ್ ಮಕ್ಕಳ ಹತ್ರ ಸುಳ್ ಹೇಳುದಿಲ್ಲ, ಕಾಣ್."

"ಹಾಂಗಾರೆ ಇವತ್ತ್ ಊಟನೂ ಅವ್ಳ್ ಹತ್ರನೇ ಕೇಣಿ."

ವೆಂಬ್ಲಿ ಸ್ಟೇಡಿಯಮ್ಮಿನ ಹಳೆಯ ಅವಳಿ ಗೋಪುರಗಳನ್ನು ಕೆಡವುತ್ತಿದ್ದ ಚಳಿಗಾಲದಲ್ಲಿ ಅವರು ಹೋದರು. ಹೃದಯಾಘಾತ. ಮಗ ಆಸ್ಪತ್ರೆಯಿಂದ ಬಂದು ಹೇಳುವಾಗ ಆರು ವರ್ಷದ ಮೊಮ್ಮಗಳು ಅನು ಸ್ಕೂಲಿನಲ್ಲಿದ್ದಳು.

"ಅವಳಿಗೆ ಈಗ್ಲೇ ಹೇಳೋದು ಬೇಡ ಅತ್ತೆ. ಅಜ್ಜ ಊರಿಗೆ ಹೋಗಿದ್ದಾರೆ ಅನ್ನೋಣ," ಎಂದಳು ಸೊಸೆ ವಿದ್ಯಾ. ಮೈಸೂರಿನ ಹುಡುಗಿ, ಮನಸ್ಸು ಮೆದು. ನಾನು ತಲೆಯಾಡಿಸಿದೆ. ಬೇರೆ ಜನಕ್ಕೆ ಇಂಥ ಹೊತ್ತಿನಲ್ಲಿ ದೇವರು, ನಕ್ಷತ್ರ ಎಂದೆಲ್ಲ ಕತೆ ಕಟ್ಟಬೇಕಾಗುತ್ತದೆ. ನಮಗೆ ಆ ಕಷ್ಟವಿಲ್ಲ. ನಮ್ಮ ಮನೆಯಿಂದ ಯಾರು ಕಾಣದಾದರೂ ಅವರು ಊರಿಗೇ ಹೋಗಿರುತ್ತಾರೆ.

ಆಮೇಲೆ ದಿನಗಳು ಹೇಗೋ ಸಾಗಿದವು. ದುಃಖ ಎಂದರೆ ಅಳು ಎಂದುಕೊಂಡಿದ್ದೆ. ಅದು ಹೆಚ್ಚಾಗಿ ಸುಸ್ತು. ಅಕ್ಕಿ ತೊಳೆಯುತ್ತಾ ಸಿಂಕಿನ ಮುಂದೆ ನಿಂತವಳು ನೀರು ನಿಲ್ಲಿಸುವುದನ್ನೇ ಮರೆಯುತ್ತಿದ್ದೆ. ಅನು ಮೊದಮೊದಲು ಅಜ್ಜ ಯಾವಾಗ ಬರುತ್ತಾರೆ ಎಂದು ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಊರಿನಿಂದ ನನ್ನ ತಂಗಿ ಫೋನ್ ಮಾಡಿದರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದಳು. ನಾನು ಅಜ್ಜನ ಫೋಟೋ ಒರೆಸುತ್ತಿದ್ದಾಗ ಒಮ್ಮೆ, "ಐ ಡೋಂಟ್ ಲೈಕ್ ಅಜ್ಜ ಎನಿಮೋರ್," ಎಂದಳು. ಸಿಟ್ಟಿರಲಿಲ್ಲ, ತೀರ್ಮಾನ ತಿಳಿಸಿದ ಹಾಗಿತ್ತು.

ಅದನ್ನು ನನಗೆ ತಡೆಯಲಾಗಲಿಲ್ಲ. ಮನುಷ್ಯ ಹೇಗೂ ಹೋಗಿಯಾಗಿತ್ತು. ಆ ಮಗುವಿನ ಮನಸ್ಸಿನಲ್ಲಾದರೂ ಅವರು ಒಳ್ಳೆಯವರಾಗಿ ಉಳಿಯಬೇಕಿತ್ತು.

ಸ್ಕೂಲಿಗೆ ರಜೆಯಿದ್ದ ಒಂದು ಮಧ್ಯಾಹ್ನ, ಇಂಥದ್ದನ್ನು ಹೇಗೆ ಹೇಳಬೇಕೆಂದು ತಿಳಿಯಲು ದೊರೆಸಾನಿಯ ಪುಸ್ತಕ ತೆಗೆದೆ. ಬೆರಳಿಟ್ಟು ಒಂದೊಂದೇ ಪದ ಓದಿದೆ. ನನಗೆ ತಿಳಿದಷ್ಟರಲ್ಲಿ, ಒಬ್ಬ ಹುಡುಗ ಸಾಯುತ್ತಾನೆ. ಅವನ ತಂಗಿಯನ್ನು ತಾಯಿ ಮಡಿಲಿಗೆಳೆದುಕೊಂಡು ಒಂದೇ ಸಾಲಿನಲ್ಲಿ ಹೇಳುತ್ತಾಳೆ. ಮುಂದಿನ ಸಾಲಿನಲ್ಲಿ ಇಬ್ಬರೂ ಬ್ರೆಡ್ಡು ತಿನ್ನುತ್ತಾರೆ. ಇಷ್ಟಕ್ಕೇ ನಮ್ಮವರು ಅಷ್ಟೊಂದು ಹೊಗಳಿದ್ದೇ ಎಂದು ಗೊಣಗಿಕೊಂಡು ಪುಸ್ತಕ ಮುಚ್ಚಿದೆ. ಅನುವನ್ನು ಕರೆದೆ.

"ಅನು, ಅಜ್ಜ ಊರಿಗ್ ಹೋಯ್ಲಿಲ್ಲ. ಅಜ್ಜ ಸತ್ತ್ ಹೋದ್ರ್."

ಆ ಶಬ್ದವನ್ನು ಅಲ್ಲಿಯವರೆಗೆ ನಾನೂ ಬಾಯಿಬಿಟ್ಟು ಆಡಿರಲಿಲ್ಲ.

ಅವಳು ಕೇಳಿದ್ದು ಇಷ್ಟೇ: "ಸೋ, ಹಿ ಡಿಡಂಟ್ ಪ್ಯಾಕ್?"

ನಮ್ಮಲ್ಲಿ ಯಾರೇ ಊರಿಗೆ ಹೊರಟರೂ ಸೂಟ್‌ಕೇಸು ಸುಲಭಕ್ಕೆ ಮುಚ್ಚಿಕೊಳ್ಳುವುದಿಲ್ಲ. ಚಾಕೊಲೇಟು, ಶಾಂಪೂ, ಅವರಿವರು ಕೊಟ್ಟ ಗಂಟು, ಎಲ್ಲ ತುರುಕಿ ಆದ ಮೇಲೆ ಅನುವನ್ನು ಎತ್ತಿ ಅದರ ಮೇಲೆ ಕೂರಿಸುತ್ತಿದ್ದರು. ಅವಳು ಕುಪ್ಪಳಿಸಬೇಕು, ಅಜ್ಜ ಜಿಪ್ ಎಳೆಯಬೇಕು. ಅವಳಿಲ್ಲದೆ ವಿಮಾನವೇ ಹೊರಡದು ಎಂದು ಅವರೇ ಅವಳನ್ನು ನಂಬಿಸಿದ್ದರು.

"ಇಲ್ಲ ಮಗಾ, ಎಂತದೂ ಪ್ಯಾಕ್ ಮಾಡ್ಲಿಲ್ಲ."

"ನಾನು ಸ್ಕೂಲಲ್ಲಿದ್ದಾಗ ಬೇರೆ ಯಾರೂ ಕೂರ್ಲಿಲ್ವಾ?" ಎಂದಳು. ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು.

"ಯಾರೂ ಕೂರ್ಲಿಲ್ಲ."

ಆಗ ಅತ್ತಳು. ನಾನೂ ಅತ್ತೆ. ಮುಗಿದ ಮೇಲೆ ಅವಳಿಗೆ ಹಸಿವಾಯಿತು, ದೋಸೆ ಕೇಳಿದಳು. ಅವರು ಹುಯ್ಯುವಷ್ಟು ತೆಳ್ಳಗೆ ನನಗೆ ಬರುವುದಿಲ್ಲ. ಅವಳು ತಿಂದಳು, ನನ್ನ ಮರ್ಯಾದೆ ಉಳಿಸಲು ದಪ್ಪವಾಯಿತೆಂದು ದೂರಲಿಲ್ಲ.

ಸಂಜೆ ವಿದ್ಯಾ ಕೆಲಸದಿಂದ ಬಂದಳು. ಅವಳಿಗೆ ಹೇಗೆ ಹೇಳುವುದೆಂದು ನಾನು ಒಗ್ಗರಣೆ ಸೌಟು ಹಿಡಿದು ಯೋಚಿಸುತ್ತಿರುವಾಗಲೇ ಅನು ಹೋಗಿ ಅಮ್ಮನ ಬ್ಯಾಗನ್ನು ಭುಜದಿಂದ ಇಳಿಸಿದಳು. ಕೈ ಹಿಡಿದು ಸೋಫಾಕ್ಕೆ ಕರೆದುಕೊಂಡು ಹೋದಳು.

"ಮಮ್ಮಿ, ಮೊದ್ಲು ಕೂತ್ಕೋ," ಎಂದಳು. "ಅಜ್ಜನ ವಿಷ್ಯ ನಿಂಗೊಂದು ಹೇಳ್ಬೇಕು."