ಸೌನಾದೊಳಗೆ ಅಗ್ಗಿಷ್ಟಿಕೆ

ಗೆಳೆಯರೇ, ಗಾಳಿಯಾಡದ ಕೋಣೆಯಲ್ಲಿ ಇದ್ದಿಲು ಹೊತ್ತಿಸಿ ಮನುಷ್ಯರನ್ನು ಕೂರಿಸುವುದು ತಪ್ಪು. ಬನಹಟ್ಟಿಯ ನಮ್ಮ ಕಾಕಾ ಇವತ್ತು ಅದನ್ನೇ ಮಾಡಹೊರಟಿದ್ದರು. ಅವರ ಹೆಂಡತಿ, ನಮ್ಮ ಕಾಕುವಿನ ಬೆನ್ನುನೋವಿಗೆಂದು ಮನೆಯಲ್ಲೇ ಸೌನಾ, ಅಂದರೆ ಬಿಸಿಯಲ್ಲಿ ಕೂತು ಬೆವರಿಳಿಸುವ ಹಲಗೆಯ ಕೋಣೆ, ಕಟ್ಟಿಸಿದ್ದಾರೆ. ಅದಕ್ಕೆ ಕರೆಂಟ್ ಹೀಟರ್ ಬೇಡವಂತೆ, ಬಾಣಂತಿಗೆ ಇಡುವ ಅಗ್ಗಿಷ್ಟಿಕೆಯೇ ಸಾಕಂತೆ.

“ನಿಮ್ಮವ್ವನ ಬಾಣಂತನ ಅದರಾಗ ಆಗೇತಿ. ನೀ ಸತ್ತಿಯೇನಲೇ?”

“ಆ ಬಾಣಂತಿ ಕೋಣಿಗೆ ಗವಾಕ್ಷಿ ಇತ್ತರೀ ಕಾಕಾ. ಇಲ್ಲಿ ಇದ್ದಿಲಿನ ವಿಷಗಾಳಿ ಹೋಗಾಕ ಸಂದಿನೂ ಇಲ್ಲ.”

“ಕರಪತ್ರಾ ಓದಿ ಭಾಳ ಶಾಣ್ಯಾ ಆಗ್ಯಾನ!”

ಜಗಳ ಜೋರಾದಾಗ ಕಾಕು ಬಂದು ಅಗ್ಗಿಷ್ಟಿಕೆಯನ್ನು ಹಿತ್ತಲಿಗೆ ಒಯ್ದಿಟ್ಟರು. “ಒಳಗ ಕೂಡಾಕಿ ನಾನು. ನಿಮ್ಮಿಬ್ಬರಾಗ ಒಬ್ಬರರೆ ನನ್ನ ಕೇಳಿದ್ರೇನು?”

ಸಮಾನತೆಯ ಬಗ್ಗೆ ದಿನಾ ಬರೆಯುವ ನಾನೂ ಅವರನ್ನು ಕೇಳಿರಲಿಲ್ಲ. ಈಗ ಕಾಕುವಿನೊಂದಿಗೆ ಕರೆಂಟ್ ಹೀಟರ್ ಕೊಳ್ಳಲು ಜಮಖಂಡಿಗೆ ಹೊರಟಿದ್ದೇವೆ. ಹೀಟರ್ ಬಗ್ಗೆ ತಿಳಿದವರು ಜೊತೆಗೆ ಬನ್ನಿ, ಆದರೆ ಆಯ್ಕೆ ಮಾಡುವವರು ಕಾಕು. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಜಮಖಂಡಿ ಬಸ್ ನಿಲ್ದಾಣದಲ್ಲಿ ಸೇರೋಣ.