ಟೇಪಿನಲ್ಲಿದ್ದ ಹೆಂಗಸು

ಆ ಒಡಂಬಡಿಕೆಯನ್ನು ನಾನು ಮೊದಲ ದಿನದಿಂದಲೇ ದ್ವೇಷಿಸಿದೆ. ಒಂದು ಕಡೆ ನಾನು ದುಡಿದು ನಿವೃತ್ತಳಾಗಿದ್ದ ಸರ್ಕಾರಿ ರೇಡಿಯೋ ನಿಲಯ, ಇನ್ನೊಂದು ಕಡೆ ಬಿಟಿಎಂ ಲೇಔಟ್‌ನ ಒಂದು ಖಾಸಗಿ ಕಂಪನಿ. ನಮ್ಮ ಹಳೆಯ ಕೃಷಿ ಕಾರ್ಯಕ್ರಮಗಳ ಟೇಪುಗಳನ್ನು ನಾವು ಕೊಡಬೇಕು, ಅವರು ಅದರಿಂದ ಬೆಂಗಳೂರು ಸುತ್ತಲಿನ ಹಳ್ಳಿಗಳ ಮಾತನ್ನು ಕಂಪ್ಯೂಟರಿಗೆ ಕಲಿಸಬೇಕು. ಫೈಲಿನ ಮೇಲೆ ಜಂಟಿ ಸಂಶೋಧನೆ ಎಂದು ಬರೆದಿತ್ತು. ಯಾವ ಟೇಪಿನಲ್ಲಿ ಯಾರ ಧ್ವನಿ ಇದೆ ಎಂದು ಗುರುತಿಸಲು ನನ್ನನ್ನು ಮತ್ತೆ ಕರೆಸಿದರು. ಯಾಕೆ ಒಪ್ಪಿಕೊಂಡೆ ಎನ್ನುವುದಕ್ಕೆ ಇಲ್ಲಿ ಮೂರು ಕಾರಣ ಬರೆದಿದ್ದೆ, ಮೂರನ್ನೂ ಹೊಡೆದು ಹಾಕಿದ್ದೇನೆ. ಮನೆಯಲ್ಲಿ ಕೂತು ಬೇಜಾರಾಗಿತ್ತು.

ಕಂಪನಿಯ ಕಚೇರಿ ಒಂದು ದರ್ಶಿನಿಯ ಮೇಲೆ, ಮೂರನೇ ಮಹಡಿಯಲ್ಲಿ. ನಡುವಿನ ಮಹಡಿಗಳಲ್ಲಿ ಪಿಜಿ. ಒಣಗಲು ಹಾಕಿದ ಟವೆಲ್ಲುಗಳ ಅಡಿಯಲ್ಲಿ ತಲೆ ತಗ್ಗಿಸಿ ಮೆಟ್ಟಿಲು ಹತ್ತಬೇಕಿತ್ತು. ಯೋಜನೆಯನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಹುಬ್ಬಳ್ಳಿ ಕಡೆಯವನು, ನಲವತ್ತರ ಹತ್ತಿರದವನು. ಈ ಕಡೆಯ ಹಳ್ಳಿಮಾತು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದೇ ತನ್ನ ಅರ್ಹತೆ ಎಂದು ತಿಳಿದಿದ್ದ.

"ನಮಗ ಲೇಬಲ್ ಬೇಕ್ರಿ ಮೇಡಂ. ಕಥಿ ಬ್ಯಾಡ."

"ಲೇಬಲ್ಲೇ ತಪ್ಪಾಗಿದ್ರೆ?"

"ನಿಮ್ಮ ಆಫೀಸಿನ ಸೀಲ್ ಐತಲ್ರಿ. ತಪ್ಪು ಹೆಂಗ ಆಗ್ತೈತಿ?"

ಹೀಗೆ ದಿನಕ್ಕೆ ಎರಡು ಸಲವಾದರೂ ಜಗಳವಾಡುತ್ತಿದ್ದೆವು. ಊಟದ ಹೊತ್ತಿಗೆ ಅವನು ತನ್ನ ಶೇಂಗಾ ಚಟ್ನಿಯ ಡಬ್ಬಿಯನ್ನು ನನ್ನ ಕಡೆ ತಳ್ಳುತ್ತಿದ್ದ. ನಾನು ಮುಟ್ಟುತ್ತಿರಲಿಲ್ಲ.

ಪ್ರತಿ ಟೇಪಿಗೂ ಒಂದು ಒಪ್ಪಿಗೆ ಪತ್ರ ಬೇಕಿತ್ತು. ಮಾತಾಡಿದವರು ಬದುಕಿದ್ದರೆ ಅವರ ಸಹಿ, ಇಲ್ಲದಿದ್ದರೆ ಮಕ್ಕಳದು. ಹಾಗೆ ಹುಡುಕಿಕೊಂಡು ಹೊಸಕೆರೆಹಳ್ಳಿಗೆ ಹೋದೆ. ಒಂದು ಟೇಪಿನ ಡಬ್ಬಿಯ ಮೇಲೆ ಅಲ್ಲಿನ ರೈತ ಮಹಿಳೆಯೊಬ್ಬರ ಹೆಸರಿತ್ತು, ವಿಷಯ ತರಕಾರಿ ಬೇಸಾಯ. ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗಳಿಗೇ ಅರವತ್ತರ ಆಸುಪಾಸು. ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿ, ಕೆಳಗೆ ಪೈಪು, ನಲ್ಲಿಗಳ ಅಂಗಡಿ ಇಟ್ಟಿದ್ದರು. ನನಗೆ ಕಾಫಿ ಕೊಟ್ಟು, ಗಿರಾಕಿಗಳನ್ನು ಕಾಯಿಸಿ ನಿಲ್ಲಿಸಿದರು.

"ನಮ್ಮಮ್ಮ ರೇಡಿಯೋದಾಗೆ ಮಾತಾಡವ್ಳೆ ಅಂತ ಊರೆಲ್ಲ ಹೇಳೋರು. ಅವತ್ತು ನಮ್ಮನೆ ರೇಡಿಯೋದ ಸೆಲ್ಲು ಮುಗ್ದೋಗಿತ್ತು, ಕೇಳ್ಲೇ ಇಲ್ಲ. ಮೊಬೈಲ್ ಬರೋಕ್ ಮುಂಚೇನೇ ಹೋಗ್ಬಿಟ್ಲು. ಫೋಟೋ ಐತೆ ಮೇಡಂ, ದನಿ ಇಲ್ಲ."

"ಕಾಪಿ ಕೊಡಿಸ್ತೀನಿ," ಎಂದೆ.

ಕೊಡಿಸುವ ಅಧಿಕಾರ ನನಗಿರಲಿಲ್ಲ. ಸಹಿಗಾಗಿ ಹಾಗೆ ಹೇಳಿದೆನೋ, ಅವರ ಮುಖ ನೋಡಿ ಹೇಳಿದೆನೋ? ನೆನಪು ನನಗೆ ಅನುಕೂಲವಾದದ್ದನ್ನೇ ಹೇಳುತ್ತದೆ. ಅದನ್ನು ಸಾಕ್ಷಿಗೆ ಕರೆಯುವುದಿಲ್ಲ.

"ಕಾಪಿ ಕೊಡಾಕ ಬರಂಗಿಲ್ರಿ," ಎಂದ ಇಂಜಿನಿಯರ್. ಒಡಂಬಡಿಕೆಯಲ್ಲಿ ಹಾಗೇ ಇತ್ತು. "ಇಲ್ಲೇ ಬಂದು ಕೇಳ್ಲಿ, ಇಲ್ಲೇ ಸಹಿ ಮಾಡ್ಲಿ."

ಅವರು ಬಂದರು. ಮದುವೆಗೆ ಹೊರಟವರಂತೆ ರೇಷ್ಮೆ ಸೀರೆ ಉಟ್ಟಿದ್ದರು. ಮೂರು ಮಹಡಿ ಹತ್ತಿ, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಹೆಡ್‌ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗಿಟ್ಟುಕೊಂಡರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದರು. ಆಮೇಲೆ ತೆಗೆದಿಟ್ಟರು.

"ಇದ್ಯಾರು?"

"ನಿಮ್ಮಮ್ಮ."

"ಅಲ್ಲ."

"ಭಾಳ ಹಳೇ ಟೇಪ್ ಆಂಟಿ, ಧ್ವನಿ ಬ್ಯಾರೆ ಅನಸ್ತೈತ್ರಿ," ಎಂದ ಇಂಜಿನಿಯರ್.

"ನನ್ನ ಹೆತ್ತೋಳ ದನಿ ನಿಂಗೊತ್ತೇನಪ್ಪ?"

ಅವನು ಸ್ಪೀಕರ್ ಹಾಕಿದ. ಕೋಣೆಯ ತುಂಬ ಒಬ್ಬ ಹೆಂಗಸಿನ ಧ್ವನಿ: "ನಮ್ಮ ಯಜಮಾನ್ರನ್ನ ಕೇಳ್ಕಂಡು ಬದ್ನೆ ಬೀಜ ತಂದ್ವಿ. ಅವ್ರು ಹೇಳ್ದಂಗೆ ಗೊಬ್ರ ಹಾಕುದ್ವಿ."

"ಯಾವ ಯಜಮಾನ್ರು?" ಮಗಳು ಎದ್ದು ನಿಂತಿದ್ದರು. "ನಾನು ಮೊಲೆಹಾಲು ಕುಡಿಯೋವಾಗ್ಲೇ ನಮ್ಮಪ್ಪ ಸತ್ತೋದ. ನೇಗ್ಲು ಹಿಡ್ದೋಳು ಅವ್ಳು, ಗಾಡಿ ಹೊಡ್ಕಂಡು ಮಾರ್ಕೆಟ್ಟಿಗೆ ಹೋದೋಳು ಅವ್ಳು. ಯಾರನ್ನ ಕೇಳ್ಕಂಡು ತಂದ್ಲು ಬೀಜಾನ?"

ಆ ಕ್ಷಣದಲ್ಲಿ ನನಗೆ ಹೊಳೆಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಆ ಟೇಪನ್ನು ಅದಕ್ಕೂ ಮೊದಲು ಎರಡು ಸಲ ಕೇಳಿದ್ದೆ. ಎರಡು ಸಲವೂ, ಅದರಲ್ಲಿನ ಧ್ವನಿ ಉಸಿರು ತೆಗೆದುಕೊಳ್ಳುವಲ್ಲಿ ನಾನೂ ಉಸಿರು ತೆಗೆದುಕೊಂಡಿದ್ದೆ. ಗೊತ್ತಿತ್ತೋ, ಗೊತ್ತಾಗದಂತೆ ನೋಡಿಕೊಂಡಿದ್ದೆನೋ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ರೈತರು ಮೈಕಿನ ಮುಂದೆ ತಡವರಿಸಿದರೆ, ಅಥವಾ ಕೊಟ್ಟ ನಿಮಿಷಗಳಲ್ಲಿ ಮುಗಿಸದಿದ್ದರೆ, ಅವರನ್ನು ಕಳಿಸಿಕೊಟ್ಟು, ಅವರು ಹೇಳಿದ್ದನ್ನು ನಿಲಯದಲ್ಲಿ ತಿದ್ದಿ ಬರೆದು ಯಾರಾದರೂ ಕಲಾವಿದರಿಂದ ಓದಿಸುತ್ತಿದ್ದರು. ಡಬ್ಬಿಯ ಮೇಲೆ ರೈತರ ಹೆಸರೇ ಇರುತ್ತಿತ್ತು. ಮೊದಲಿನ ಟೇಪನ್ನು ಅಳಿಸಿ ಮುಂದಿನ ವಾರಕ್ಕೆ ಬಳಸುತ್ತಿದ್ದರು. ಇದನ್ನು ಯಾರೂ ಮೋಸ ಎನ್ನಲಿಲ್ಲ, ಅಚ್ಚುಕಟ್ಟು ಎಂದೆವು. ರೈತ ಮಹಿಳೆ ಎಂದರೆ ಬರೆಯುವವರ ಕೈ ತಾನಾಗಿಯೇ ಒಬ್ಬ ಯಜಮಾನರನ್ನು ಸೇರಿಸುತ್ತಿತ್ತು. ಓದುವವಳು ಕೇಳುತ್ತಿರಲಿಲ್ಲ. ನಾನಾಗ ನಿಲಯಕ್ಕೆ ಹೊಸಬಳು, ಜಯನಗರದಲ್ಲಿ ಬೆಳೆದವಳು. ಬದನೆ ಗಿಡವನ್ನು ಹತ್ತಿರದಿಂದ ನೋಡಿರಲಿಲ್ಲ. ಹಳ್ಳಿಮಾತನ್ನು ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದವರಿಂದ ಕಲಿತಿದ್ದೆ.

"ಅದು ನಾನು," ಎಂದೆ.

ಅವರು ನನ್ನ ಬಾಯಿಯನ್ನು ನೋಡಿದರು, ಕಣ್ಣನ್ನಲ್ಲ.

"ಮಾತಾದ್ರೂ ಅವ್ಳುದಾ?"

"ಗೊತ್ತಿಲ್ಲ."

"ಅಸ್ಲಿದು ಎಲ್ಲೈತೆ?"

"ಅಳಿಸಿರ್ತಾರೆ."

"ನಮ್ಮಮ್ಮನ್ನ ಅಳಿಸ್ಬಿಟ್ಟು ನೀವು ನಮ್ಮಮ್ಮ ಆದ್ರಿ. ಮನೇಗೆ ಬಂದು ನನ್ ಕೈಲೇ ಕಾಫಿ ಬೇರೆ ಕುಡುದ್ರಿ."

ಇಂಜಿನಿಯರ್ ಒಪ್ಪಿಗೆ ಪತ್ರದ ಫಾರಂ ನನ್ನ ಕಡೆ ತಳ್ಳಿದ. "ಮೇಡಂ, ಹಂಗಾದ್ರ ಪ್ರಾಬ್ಲಂ ಇಲ್ರಿ. ಮಾತಾಡಿದವ್ರು ನೀವು ಅಂದ್ರ ಸಹಿ ನೀವ ಮಾಡ್ರಿ. ಬದುಕಿದ್ದವ್ರ ಸಹಿ ಇನ್ನೂ ಚಲೋ. ಊರು ಹೊಸಕೆರೆಹಳ್ಳಿ ಅಂತನ ಇರ್ಲಿ."

"ನಾನು ಜಯನಗರದವಳು. ಅದು ಆ ಊರಿನ ಮಾತೇ ಅಲ್ಲ."

"ಎಲ್ಲಾ ಒಂದ ಕಡೆ ಅಲ್ರಿ? ಬಸ್ಸಿನ್ಯಾಗ ಅರ್ಧ ತಾಸು."

"ಊರು ಏನಾರಾ ಮಾಡ್ಕಳಿ," ಎಂದರು ಮಗಳು. ಧ್ವನಿ ಏರಿಸಲಿಲ್ಲ. "ಯಜಮಾನ್ರನ್ನ ಕೇಳ್ಕಂಡು ಬೀಜ ತಂದೋಳಿಗೆ ನಮ್ಮಮ್ಮನ ಹೆಸ್ರು ಇರ್ಬಾರ್ದು. ತೆಗೀರಿ. ನನ್ನೆದ್ರುಗೇ ತೆಗೀರಿ."

ಟೇಪನ್ನೇ ಕೊಡುವುದಿಲ್ಲ ಎನ್ನಬಹುದಿತ್ತು. ನಿಲಯಕ್ಕೆ ಪತ್ರ ಬರೆದು, ಈ ಡಬ್ಬಿಗಳಲ್ಲಿ ಅರ್ಧದಷ್ಟು ರೈತರು ನಾವೇ ಎಂದು ಹೇಳಬಹುದಿತ್ತು. ಹಾಗೆ ಮಾಡಿದೆ ಎಂದು ಒಂದಿಬ್ಬರ ಬಳಿ ಹೇಳಿಕೊಂಡೂ ಇದ್ದೇನೆ. ಮಾಡಲಿಲ್ಲ. ಫಾರಂ ತೆಗೆದುಕೊಂಡು, ಅವರ ತಾಯಿಯ ಹೆಸರನ್ನು ಹೊಡೆದು, ಅದರ ಮೇಲೆ ನನ್ನ ಹೆಸರು ಬರೆದೆ. ಕೆಳಗೆ ಸಹಿ ಹಾಕಿದೆ.

ಅವರು ಬಗ್ಗಿ, ಬೆರಳಿಟ್ಟು, ಒಂದೊಂದೇ ಅಕ್ಷರ ಓದಿದರು.

"ಈಗ ಅಲ್ಲೂ ಇಲ್ಲ ಅವ್ಳು," ಎಂದು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದರು.

ತಾರೀಖು ಹಾಕಿಲ್ಲ ಎಂದ ಇಂಜಿನಿಯರ್. ಹಾಕಿಕೊಟ್ಟೆ.