ಹಿಂದಿನ ಸೀಟು

ನನಗೊಂದು ದುರಭ್ಯಾಸವಿದೆ. ಯಾರೊಡನೆ ಮಾತನಾಡುತ್ತಿದ್ದರೂ ಕಣ್ಣು ಮೇಲಕ್ಕೆ ಹೋಗುತ್ತದೆ. ಎದುರಿಗಿದ್ದವರು ತಮ್ಮ ರುಮಾಲಿಗೆ ಏನಾಯಿತೋ ಎಂದು ತಡವಿಕೊಳ್ಳುತ್ತಾರೆ. ಏನೂ ಆಗಿರುವುದಿಲ್ಲ. ಅವರ ಬೆನ್ನ ಹಿಂದೆ, ನಮ್ಮೂರು ಗುಡಗೇರಿಯ ಎರೆಹೊಲಗಳ ಮೇಲೆ, ಒಂದು ಹದ್ದು ಸುತ್ತುತ್ತಿರುತ್ತದೆ, ಅಷ್ಟೆ.

ಬಿಸಿಲಿಗೆ ಕಾದ ಎರೆಮಣ್ಣಿನಿಂದ ಬಿಸಿಗಾಳಿ ಏಳುತ್ತದೆ. ಹದ್ದು ಅದರೊಳಗೆ ಹೊಕ್ಕು, ರೆಕ್ಕೆ ಬಡಿಯದೆ, ಸುತ್ತಿ ಸುತ್ತಿ ಏರುತ್ತದೆ. ಎಂಜಿನ್ನಿಲ್ಲದ ವಿಮಾನವಾದ ಗ್ಲೈಡರ್ ಏರುವುದೂ ಹೀಗೆಯೇ. ವಾಯುಪಡೆಯಲ್ಲಿ ನಾನು ಯಂತ್ರ ರಿಪೇರಿಯವನು. ಗ್ಲೈಡರ್ ಹಾರಿಸಲು ಕಲಿತದ್ದು ರಜೆಯ ದಿನಗಳಲ್ಲಿ. ನಿವೃತ್ತನಾಗಿ ಊರಿಗೆ ಬಂದ ಮೇಲೂ ಕೋಳಿಗಿಂತ ಮೊದಲು ಏಳುತ್ತೇನೆ, ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚುತ್ತೇನೆ, ಎತ್ತುಗಳಿಗೆ ಬಾಯಾರಿಕೆ ಇರಲಿ ಬಿಡಲಿ ವೇಳೆಗೆ ಸರಿಯಾಗಿ ನೀರು ತೋರಿಸುತ್ತೇನೆ. ಶಿಸ್ತೆಲ್ಲ ನನ್ನೊಡನೆ ಊರಿಗೆ ಬಂತು. ಆಕಾಶ ಬರಲಿಲ್ಲ. ನಮ್ಮ ಸೀಮೆಯಲ್ಲಿ ಆಕಾಶಕ್ಕೆ ಕೊರತೆಯಿಲ್ಲ, ನಿಜ. ಆದರೆ ಅದು ನೋಡುವ ಆಕಾಶ.

ಈ ಸಲ ಸುಗ್ಗಿ ಮುಗಿಯುವ ಹೊತ್ತಿಗೆ ಅಣ್ಣಿಗೇರಿಯ ಮೆಹಬೂಬ ಬಂದ. ವಾಯುಪಡೆಯ ಜೊತೆಗಾರ, ಈಗ ದೂರದ ಊರೊಂದರ ಗ್ಲೈಡಿಂಗ್ ಕ್ಲಬ್ಬಿನಲ್ಲಿ ಶಿಕ್ಷಕ. ರೊಟ್ಟಿ ಮುರಿಯುತ್ತ ನನ್ನ ಕುತ್ತಿಗೆಯನ್ನೇ ಗಮನಿಸಿದ.

“ಲೇ ದೋಸ್ತ, ಇನ್ನೆಷ್ಟ ದಿನಾ ಹದ್ದ ಕಾಯತೀ? ಹಾರಸೂದು ಕಲಸಾಕ ಬಾ. ಮುಂದಿನ ತಿಂಗಳ ಶಿಕ್ಷಕರ ತರಬೇತಿ ಐತಿ. ಈ ಸಲಾ ಬಿಟ್ಟಿ ಅಂದ್ರ ನಿನ್ನ ವಯಸ್ಸ ಮೀರತೈತಿ, ನೋಡು.”

ಎದೆ ನೆಗೆಯಿತು. ಆದರೆ ನನ್ನ ಹೆಂಡತಿ ಶಾಂತಾ ಕುಬಿಹಾಳದ ಶಾಲೆಯಲ್ಲಿ ಮಾಸ್ತರಬಾಯಿ. ಹೊತ್ತಿಗೆ ಸರಿಯಾದ ಬಸ್ಸಿಲ್ಲ. ದಿನವೂ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬಿಟ್ಟುಬರುವವನು ನಾನು. ನಾನು ಹೋದರೆ ಅವಳನ್ನು ಬಿಡುವವರು ಯಾರು? ಅವಳು ಅದನ್ನು ಬಿಟ್ಟು ಬೇರೆಯದನ್ನೇ ಕೇಳಿದಳು.

“ನಿಮ್ಮ ಕೈಯಾಗ ಯಾರರೆ ಕಲಿಯೂದೈತೇನ್ರಿ? ಮೊದಲ ನನಗ ಗಾಡಿ ಕಲಸ್ರಿ. ನಾ ಕಲತರ ನೀವು ಹೋಗ್ರಿ.”

ನಮ್ಮ ಕಣ ಆಗ ಖಾಲಿಯಿತ್ತು. ಜೋಳದ ರಾಶಿ ಮನೆಗೆ ಬಂದಿತ್ತು. ಸೆಗಣಿ ಸಾರಿಸಿದ ನೆಲದ ನಡುವೆ ಎತ್ತು ಕಟ್ಟುವ ಮೇಟಿಗಂಬ, ಅಂಚಿನಲ್ಲಿ ಒಂದು ಹೊಟ್ಟಿನ ಗುಡ್ಡೆ, ಇವಿಷ್ಟೇ ಉಳಿದಿದ್ದವು. ಕಂಬದ ಸುತ್ತ ಮೊಪೆಡ್ ಓಡಿಸುವುದೆಂದು ನಿಶ್ಚಯವಾಯಿತು. ನಮ್ಮ ಹೋರಿಗಳು ಪಳಗಿದ್ದೂ ಅಲ್ಲೇ. ಅದನ್ನು ನಾನು ಶಾಂತಾಗೆ ಹೇಳಲಿಲ್ಲ.

ವಿಮಾನ ಹತ್ತುವ ಮೊದಲು ಮಾಡುವಂತೆ ಚಕ್ರ, ಬ್ರೇಕು, ಪೆಟ್ರೋಲು ಒಂದೊಂದನ್ನೂ ಮುಟ್ಟಿಸಿ ಹೆಸರು ಹೇಳಿಸಿದೆ.

“ಇದೇನ ಗಾಡಿನೋ ಸತ್ಯನಾರಾಯಣ ಪೂಜಾನೋ? ಹತ್ತೂದ್ರಾಗ ಸಾಲಿ ಬಿಡತೈತಿ!”

ಹೊರಟಳು. ಹಿಂದಿನ ಕ್ಯಾರಿಯರ್ ಹಿಡಿದು ನಾನೂ ಓಡಿದೆ. ಗಾಡಿ ಕೊಂಚ ವಾಲಿತು, ನಾನು ಎಳೆದೆ. ಶಾಂತಾ ಹೋಗಿ ಹೊಟ್ಟಿನ ಗುಡ್ಡೆಯಲ್ಲಿ ಬಿದ್ದಳು. ತಲೆಯ ತುಂಬ ಹೊಟ್ಟು ಮೆತ್ತಿಕೊಂಡು ಎದ್ದು, “ನಾ ಬಿದ್ದಿಲ್ರಿ. ನೀವ ಕೆಡವೀರಿ” ಎಂದಳು.

ನಿಜವೇ. ತರಬೇತಿಯ ಗ್ಲೈಡರಿನಲ್ಲಿ ಕಲಿಯುವವನು ಮುಂದೆ, ಕಲಿಸುವವನು ಹಿಂದೆ. ನನ್ನ ಗುರುಗಳು ಹಿಂದಿನ ಸೀಟಿನಲ್ಲಿ ಮೊಣಕಾಲ ಮೇಲೆ ಕೈಯಿಟ್ಟು ಸುಮ್ಮನೆ ಕೂಡುತ್ತಿದ್ದರು. ಎಂಥ ಸುಖದ ಕೆಲಸ ಎಂದುಕೊಂಡಿದ್ದೆ. ಆ ಸುಮ್ಮನಿರುವಿಕೆ ಎಷ್ಟು ನೋಯುತ್ತದೆಂದು ತಿಳಿದದ್ದು ಈಗ, ಹೊಟ್ಟಿನ ಗುಡ್ಡೆಯ ಪಕ್ಕದಲ್ಲಿ.

ಅಂದು ರಾತ್ರಿ ಮನಸ್ಸಿಗೆ ನೇರ ಪ್ರಶ್ನೆ ಹಾಕಿದೆ: ನಿನಗೆ ಬೇಕಾದದ್ದು ಕಲಿಸುವುದೋ, ಹಾರುವುದೋ? ಉತ್ತರ ಕೂಡಲೇ ಬಂತು, ಅದೂ ನಾಚಿಕೆಯಿಲ್ಲದೆ: ಹಾರುವುದು. ಶಿಕ್ಷಕನಾದರೆ ದಿನವೂ ಮೇಲೆ ಹೋಗಬಹುದು. ಆದರೆ ಹಿಡಿಕೆ ಬೇರೆಯವರ ಕೈಯಲ್ಲಿ. ಹಸಿದವನನ್ನು ಪಂಕ್ತಿಯಲ್ಲಿ ಬಡಿಸಲು ನಿಲ್ಲಿಸಿದಂತೆ. ಹೋಗದಿರುವುದೇ ಲೇಸೆಂದು ಹೊದಿಕೆ ಎಳೆದುಕೊಂಡೆ.

ಆದರೂ ಹಿಡಿದ ಪಾಠ ಬಿಡುವ ಜಾತಿ ನಾನಲ್ಲ. ಮರುದಿನ ಮೇಟಿಗೆ ಒರಗಿ ಕುಳಿತು, ಹೆಗಲ ಟವೆಲಿನಿಂದ ನನ್ನ ಕೈಗಳನ್ನು ಶಾಂತಾಳಿಂದಲೇ ಕಟ್ಟಿಸಿಕೊಂಡೆ. ಅವಳು ನಗುತ್ತಲೇ ಗಂಟು ಬಿಗಿದಳು. ಸುತ್ತಿದಳು, ವಾಲಿದಳು, ತಾನೇ ನೆಟ್ಟಗಾದಳು. ನನ್ನ ಕೈ ಟವೆಲಿನೊಳಗೆ ಬ್ರೇಕು ಹಿಡಿಯುತ್ತಲೇ ಇತ್ತು. ಹಾಗೇ ಸುತ್ತುತ್ತ ಸುತ್ತುತ್ತ ಅವಳು ಕಣ ದಾಟಿ ರಸ್ತೆಗಿಳಿದಳು. ಧೂಳಷ್ಟೇ ಉಳಿಯಿತು. ಗ್ಲೈಡರನ್ನು ಮೇಲಕ್ಕೆ ಎಳೆದೊಯ್ದ ಹಗ್ಗ ಕಳಚಿದಾಗ ಹೊಟ್ಟೆಯೊಳಗೆ ಒಂದು ಹಗುರವೇಳುತ್ತದೆ. ಎಷ್ಟು ವರ್ಷದಿಂದ ಅದಕ್ಕಾಗಿ ಕುತ್ತಿಗೆ ಎತ್ತಿದ್ದೆ! ಅದು ಕಣದಲ್ಲಿ, ಕೈಕಟ್ಟಿಸಿಕೊಂಡು ಕುಳಿತವನೊಳಗೆ ಎದ್ದಿತು.

ಶಾಂತಾ ತಿರುಗಿ ಬಂದು ಟವೆಲಿನ ಗಂಟು ಬಿಚ್ಚಿದಳು. “ಕುಬಿಹಾಳದ ದಾರಿಗುಂಟ ಹೋಗಿ ಬಂದೆ. ಮೆಹಬೂಬ ಅಣ್ಣಗ ಬರತೀನಿ ಅಂತ ಹೇಳ್ರಿ. ಟೇಶನ್ನಿಗೆ ನಾನ ಬಿಡತೀನಿ.”

ಬಿಟ್ಟಳು ಕೂಡ. ಚೀಲ ತೊಡೆಯ ಮೇಲಿಟ್ಟುಕೊಂಡು ನಾನು ಮೊದಲ ಸಲ ಹಿಂದೆ ಕುಳಿತೆ. ಆಡೊಂದು ಅಡ್ಡ ಬಂದಾಗ ಅವಳು ಬ್ರೇಕು ಹಾಕುವ ಮೊದಲೇ ನನ್ನ ಹಲ್ಲಿನ ತನಕ ಬಂದ ಮಾತನ್ನು ನುಂಗಿ, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡೆ. ಅಂದು ಮೇಲೆ ಹದ್ದು ಇತ್ತೋ ಇಲ್ಲವೋ, ನಾನು ನೋಡಲಿಲ್ಲ.